ಜ್ವರ ಅಂದರೆ ಮುಟ್ಟಬೇಡ

ಹುಣಸೇಪಾಳ್ಯ
4-7-1988

ಬನಾ,

ಮೊದಲು ಬೈಗುಳ, ಆಮೇಲೆ ಕ್ಷೇಮ. ದೊಡ್ಡಬಳ್ಳಾಪುರಕ್ಕೆ ಹೋಗಿ ತಿಂಗಳಾಗುತ್ತಾ ಬಂತು. ಒಂದು ಕಾರ್ಡು ಗೀಚಲು ನಿನ್ನ ಕೈಗೇನು ಲಕ್ವ ಹೊಡೆದಿತ್ತೇ? ಪೇಟೆ ಸೇರಿದವಳಿಗೆ ಹಳ್ಳಿ ಹೈಸ್ಕೂಲಿನವರು ಈಗ ಕಣ್ಣಿಗೆ ಕಾಣುವುದಿಲ್ಲ ಅಂತ ಕಾಣುತ್ತದೆ. ಒಂಬತ್ತನೇ ಕ್ಲಾಸಿನ ತನಕ ಒಂದೇ ಬೆಂಚಿನಲ್ಲಿ ಕೂತು ನನ್ನ ಬುತ್ತಿಯ ಮುದ್ದೆ ತಿಂದವಳು ನೀನು, ಅಷ್ಟು ನೆನಪಿಟ್ಟುಕೋ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ರೇಷ್ಮೆ ಹುಳಕ್ಕೆ ಮೂರನೇ ಜ್ವರ. ಹುಳದ ಮನೆಯಲ್ಲಿ ಅವ್ವ ಯಾರನ್ನೂ ಜೋರಾಗಿ ಉಸಿರಾಡಲು ಬಿಡುತ್ತಿಲ್ಲ. ಜ್ವರ ಬಂದರೆ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಕೂತಿರುತ್ತದೆ, ಪೊರೆ ಬಿಡುವ ತನಕ ಮುಟ್ಟಬಾರದು ಅಂತ ನಿನಗೆ ಹೊಸದಾಗಿ ಹೇಳಬೇಕೇ? ಆ ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ತಾನೇ ನಾವಿಬ್ಬರೂ ನಮ್ಮ ಖೋಖೋದ ಗುಟ್ಟಿನ ಪದಗಳನ್ನು ಕಟ್ಟಿದ್ದು.

ಈಗ ನಿನ್ನ ಚೌಕದಲ್ಲಿ ಒಂಬತ್ತನೇ ಕ್ಲಾಸಿನ ಅಂಜಿನಮ್ಮ ಕೂರುತ್ತಾಳೆ. ಒಳ್ಳೆಯ ಹುಡುಗಿ, ಆದರೆ ಅವಳಿಗೆ ಪದ ಕಲಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ಸೊಪ್ಪು ಅಂದ್ರೆ ಪಕ್ಕದೋಳಿಗೆ ತಕ್ಷಣ ಖೋ ಕೊಡು. ಜ್ವರ ಅಂದ್ರೆ ಮುಟ್ಬೇಡ, ಖೋ ಕೊಡೋ ಹಂಗೆ ಬಗ್ಗಿ ಮುಂದಕ್ಕೆ ಓಡು. ಹಣ್ಣು ಅಂದ್ರೆ ಎದುರಾಳಿ ಕಂಬದ ಹತ್ರ ಸಿಕ್ಕಾಕೊಂಡವ್ಳೆ, ಗೂಡು ಕಟ್ಟೋಕೆ ಹಣ್ಣಾದ ಹುಳ ಆಯ್ದಂಗೆ ಎತ್ಕೋ" ಅಂತ ಹೇಳಿದ್ದೇ ಹೇಳಿದ್ದು. ನಿನ್ನೆ ನಾನು ಜ್ವರ ಅಂತ ಕೂಗಿದರೆ ಅವಳು ನಿಂತು ನನ್ನ ಹಣೆ ನೋಡಿದಳು! ಪೀಟಿ ಮೇಷ್ಟ್ರು ಆದಿನಾರಾಯಣಪ್ಪನವರು ನಕ್ಕು ನಕ್ಕು ಸೀಟಿಯನ್ನು ನುಂಗಿಬಿಡುತ್ತಿದ್ದರು.

ಇನ್ನೊಂದು ವಿಷಯ. ಈ ಸಲ ಜಿಲ್ಲಾ ಮಟ್ಟಕ್ಕೆ ಹೋದರೆ ಬೆಂಗಳೂರಿನಿಂದ ಕ್ರೀಡಾ ಹಾಸ್ಟೆಲಿನವರು ನೋಡಲು ಬರುತ್ತಾರಂತೆ. ಖೋಖೋದಲ್ಲಿ ಒಬ್ಬಳನ್ನು ಆರಿಸುತ್ತಾರೆ. ಊಟ, ವಸತಿ, ಕಾಲೇಜು ಎಲ್ಲ ಅವರದೇ. ಅಪ್ಪನಿಗೆ ಹೇಳಿದೆ. "ಸೀಟು ಸಿಕ್ರೆ ಓದು, ಬ್ಯಾಡ ಅನ್ನಲ್ಲ. ಸಿಗ್ದಿದ್ರೆ ಹತ್ತನೇ ಕ್ಲಾಸಿಗೇ ಸಾಕು, ಹುಳದ ಮನೆ ನೋಡ್ಕೋ" ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ನನಗೆ ಆ ಸೀಟು ಬೇಕೇ ಬೇಕು ಕಣೇ. ನೀನು ಇದ್ದಿದ್ದರೆ ಇಬ್ಬರಿಗೂ ಜಗಳ ಆಗುತ್ತಿತ್ತೇನೋ! ನೀನಿಲ್ಲದ್ದು ಅದೊಂದಕ್ಕೆ ಒಳ್ಳೆಯದಾಯಿತು ಅಂತ ತಮಾಷೆಗೆ ಬರೆದಿದ್ದೇನೆ, ಮುಖ ಊದಿಸಿಕೊಳ್ಳಬೇಡ.

ನಿನ್ನ
ಅಕ್ಕಿ


ದೊಡ್ಡಬಳ್ಳಾಪುರ
22-7-1988

ಪ್ರೀತಿಯ ಅಕ್ಕಿಗೆ,

ನಿನ್ನ ಕಾಗದವನ್ನು ಈ ಮನೆಯ ದೊಡ್ಡಮ್ಮ ಒಡೆದು ಅರ್ಧಂಬರ್ಧ ಓದಿ, "ಅಯ್ಯೋ, ನಿನ್ ಗೆಳತಿ ಮನೇಲಿ ಮೂರನೇ ಸಲ ಜ್ವರವಂತೆ, ಟೈಫಾಯ್ಡೇ ಇರ್ಬೇಕು" ಅಂತ ದೇವರ ಮುಂದೆ ದೀಪ ಹಚ್ಚಿಬಿಟ್ಟರು. ನಾನು ಹುಳದ ಜ್ವರ ಅಂತ ಬಿಡಿಸಿ ಹೇಳುವ ಹೊತ್ತಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆಯೂ ಆಗಿತ್ತು. ಇಲ್ಲಿ ಎಲ್ಲರೂ ರೇಷ್ಮೆ ನೇಯುವವರೇ. ಆದರೆ ಹುಳ ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಇವರ ಪಾಲಿಗೆ ರೇಷ್ಮೆ ಅಂಗಡಿಯಲ್ಲಿ ಹುಟ್ಟುತ್ತದೆ.

ನಾವು ದೊಡ್ಡಪ್ಪನ ಮನೆಯಲ್ಲಿದ್ದೇವೆ. ಮುಂದಿನ ಪಡಸಾಲೆ ತುಂಬ ಪವರ್‌ಲೂಮ್ ಮಗ್ಗಗಳು. ಕರೆಂಟು ಇರುವ ತನಕ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಕರೆಂಟು ಹೋದರೂ ಹಾಗೇ ಕೂಗುತ್ತಾರೆ. ಶಾಲೆ ಬಿಟ್ಟು ಬಂದ ಕೂಡಲೆ ನಾನು ಕಂಡಿಕೆಗೆ ನೂಲು ಸುತ್ತಬೇಕು. ದೊಡ್ಡಪ್ಪ ನನ್ನ ಕೈ ನೋಡಿ, "ಕೈ ಚುರುಕಾಗೈತೆ. ಪರೀಕ್ಷೆ ಮುಗೀಲಿ, ಮಗ್ಗಕ್ಕೆ ನಿಲ್ಸಣ" ಅಂದರು. ಅಪ್ಪ ತಲೆ ಅಲ್ಲಾಡಿಸಿದರು. ಅವರ ನೆರಳಿನಲ್ಲಿ ಇದ್ದೇವಲ್ಲ, ಬೇರೆ ಏನು ಮಾಡಿಯಾರು?

ಶಾಲೆ ದೊಡ್ಡದು, ಬರೀ ಹೆಣ್ಣುಮಕ್ಕಳದು. ಮೈದಾನ ಇದೆ. ನಾನು ಆ ಕಡೆ ಹೋಗಿಲ್ಲ. ನೀವೆಲ್ಲ ಇಲ್ಲದೆ ಯಾರ ಜೊತೆ ಆಡಲಿ? ಮಧ್ಯಾಹ್ನ ಮರದ ಕೆಳಗೆ ಒಬ್ಬಳೇ ಕೂರುತ್ತೇನೆ. ಇಲ್ಲಿಯವರು ನನ್ನ ಮಾತು ಕೇಳಿ ಹಳ್ಳಿಗುಗ್ಗು ಅನ್ನುತ್ತಾರೆ.

ಖೋಖೋ ಸುದ್ದಿ ಮಾತ್ರ ಒಂದನ್ನೂ ಬಿಡದೆ ಬರೆ. ಓದುವಾಗ ಅಲ್ಲೇ ಕೂತಂತೆ ಆಗುತ್ತದೆ.

ನಿನ್ನ
ಬನಶಂಕರಿ


ಹುಣಸೇಪಾಳ್ಯ
29-8-1988

ಬನಾ ಬನಾ ಬನಾ,

ಹೋಬಳಿ ಗೆದ್ದೆವು! ವಿಜಯಪುರದ ಮೈದಾನದಲ್ಲಿ, ಪೇಟೆಯ ಹುಡುಗಿಯರ ಮೂಗಿನ ಮೇಲೇ ಗೆದ್ದೆವು. ಅಂಜಿನಮ್ಮನಿಗೆ ಪದಗಳು ಬಂದುಬಿಟ್ಟವು, ಈಗ ನಿದ್ದೆಯಲ್ಲೂ ಸೊಪ್ಪು ಸೊಪ್ಪು ಅನ್ನುತ್ತಾಳಂತೆ. ನಾನು ಚೌಕದಲ್ಲಿ ಕೂತು ಜ್ವರ, ಜ್ವರ ಅಂತ ಕೂಗಿದ್ದನ್ನು ಕೇಳಿ ಅಂಪೈರು ಆಟ ನಿಲ್ಲಿಸಿ, "ಯಾರಿಗಮ್ಮ ಜ್ವರ?" ಅಂತ ಬಂದರು. ಜೇಬಿನಿಂದ ಮಾತ್ರೆಯನ್ನೂ ತೆಗೆದರು. ನಾನು ಅದನ್ನು ಇಸಕೊಂಡು ಲಂಗದ ಜೇಬಿಗೆ ಹಾಕಿಕೊಂಡೆ, ಬೇಡ ಅಂದರೆ ಗುಟ್ಟು ರಟ್ಟಾಗುತ್ತಿತ್ತಲ್ಲ. ಎದುರು ಕಡೆ ಹುಳ ಸಾಕುವ ಮನೆಯ ಹುಡುಗಿಯರೇ ನಾಲ್ಕು ಜನ ಇದ್ದರು, ಅವರಿಗೂ ಹೊಳೆಯಲಿಲ್ಲ!

ಆದರೆ ಗೆದ್ದ ದಿನವೇ ಮೇಷ್ಟ್ರ ಹತ್ತಿರ ಜಗಳ ಆಯಿತು. ಎಲ್ಲರನ್ನೂ ಕೂರಿಸಿಕೊಂಡು, "ಪದ ಬದಲಾಯಿಸ್ರಮ್ಮ. ಬನಶಂಕರಿ ದೊಡ್ಡಬಳ್ಳಾಪುರದಾಗವ್ಳೆ. ನಾಳೆ ಜಿಲ್ಲೆಗೆ ಹೋದ್ರೆ ಆ ತಾಲ್ಲೂಕ್ನೋರೇ ಎದುರಿಗೆ ಬರ್ಬೋದು" ಅಂದರು. ನನಗೆ ಎಲ್ಲಿತ್ತೋ ಸಿಟ್ಟು! "ಸಾರ್, ಬನ ನಮ್ಮೋಳು. ಅವ್ಳು ಆಡ್ತಾನೇ ಇಲ್ಲ. ಆಡಿದ್ರೂ ಬಾಯ್ಬಿಡೋಳಲ್ಲ. ಅವ್ಳ ಪರವಾಗಿ ನಾನು ಹೇಳ್ತೀನಿ" ಅಂದೆ. ಮೇಷ್ಟ್ರು ನನ್ನ ಮುಖವನ್ನೇ ನೋಡಿ, "ಕ್ಯಾಪ್ಟನ್ ನೀನು. ನಿನ್ ಮಾತಿನ್ ಮ್ಯಾಲೆ ಬಿಡ್ತೀನಿ" ಅಂದರು. ಹುಡುಗಿಯರೂ ಒಪ್ಪಿದರು. ನೀನು ಕಟ್ಟಿದ ಪದಗಳನ್ನು ನಿನಗೇ ಹೆದರಿ ಬಿಡಬೇಕು ಅಂದರೆ ನಾನು ಹೇಗೆ ಸಹಿಸಲಿ ಹೇಳು.

ಒಬ್ಬಳೇ ಮರದ ಕೆಳಗೆ ಕೂರಬೇಡ. ಹಳ್ಳಿಗುಗ್ಗು ಅಂದವಳನ್ನು ಓಟದಲ್ಲಿ ಸೋಲಿಸಿ ತೋರಿಸು. ಅವಳ ಪೇಟೆ ಬಾಯಿ ಮುಚ್ಚುತ್ತದೆ.

ನಿನ್ನ
ಅಕ್ಕಿ


ದೊಡ್ಡಬಳ್ಳಾಪುರ
25-9-1988

ಪ್ರೀತಿಯ ಅಕ್ಕಿಗೆ,

ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮನೆಯಲ್ಲಿ ಕೆಲಸ ಹೆಚ್ಚಾಗಿದೆ. ಗೌರಿ ಹಬ್ಬಕ್ಕೆ ಸೀರೆ ಕಳಿಸುವ ಗಡಿಬಿಡಿ ಈಗ ತಾನೇ ಮುಗಿಯಿತು, ದಸರೆಯದು ಶುರುವಾಗಿದೆ.

ಹೋಬಳಿ ಗೆದ್ದದ್ದು ಕೇಳಿ ಸಂತೋಷವಾಯಿತು. ನನ್ನ ಬಗ್ಗೆ ಮೇಷ್ಟ್ರ ಮುಂದೆ ನೀನು ಅಷ್ಟೆಲ್ಲ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಆಮೇಲೆ ಮನಸ್ಸು ಬದಲಾಯಿಸಿದರೇ? ಪದಗಳು ಅವೇ ಇವೆಯೇ, ಬೇರೆ ಮಾಡಿದಿರೇ? ಸುಮ್ಮನೆ ಕೇಳಿದೆ.

ನಾನು ಮೆಟ್ಟಿಲಿನಲ್ಲಿ ಜಾರಿ ಎರಡೂ ಮೊಣಕೈ, ಮೊಣಕಾಲು ತರಚಿಕೊಂಡಿದ್ದೇನೆ. ದೊಡ್ಡದೇನಲ್ಲ. ಬಲಗೈ ನೋವಿರುವುದರಿಂದ ಹೆಚ್ಚು ಬರೆಯಲು ಆಗುತ್ತಿಲ್ಲ.

ನಿನ್ನ
ಬನಶಂಕರಿ


ಹುಣಸೇಪಾಳ್ಯ
10-10-1988

ಬನಾ,

ಎಂಥ ಮೆಟ್ಟಿಲೇ ಅದು, ಎರಡು ಕೈ ಎರಡು ಕಾಲು ಒಂದೇ ಸಲ ತರಚುವುದು! ಕಂಬಕ್ಕೆ ಹಾರಿ ಬಿದ್ದರೆ ನಮಗೆ ಹಾಗೆ ಆಗುತ್ತಿತ್ತು. ನೀನು ಮೆಟ್ಟಿಲನ್ನೇ ಕಂಬ ಅಂದುಕೊಂಡು ಹಾರಿದೆಯೋ ಏನೋ. ಅರಿಸಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚು, ಕೆರೆದುಕೊಳ್ಳಬೇಡ. ಅವ್ವನೂ ಅದನ್ನೇ ಬರೆಯಲು ಹೇಳಿದರು.

ದೇವನಹಳ್ಳಿಯಲ್ಲಿ ತಾಲ್ಲೂಕು ಮಟ್ಟವನ್ನೂ ಗೆದ್ದೆವು. ಬೂದಿಗೆರೆಯ ಹುಡುಗಿಯರು ಬೆವರಿಳಿಸಿಬಿಟ್ಟರು, ಪದಗಳೇ ಕಾಪಾಡಿದವು. ಇಲ್ಲ ಕಣೇ, ಬದಲಾಯಿಸಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಸೊಪ್ಪು ಸೊಪ್ಪೇ, ಜ್ವರ ಜ್ವರವೇ, ಹಣ್ಣು ಹಣ್ಣೇ.

ನವೆಂಬರಿನಲ್ಲಿ ಹೊಸಕೋಟೆಯಲ್ಲಿ ಜಿಲ್ಲಾ ಕ್ರೀಡಾಕೂಟ. ಹಾಸ್ಟೆಲಿನವರು ಫೈನಲ್ ನೋಡಲು ಬರುವುದು ಖಾತ್ರಿಯಂತೆ. ಅಪ್ಪ ಮೊನ್ನೆ ಸಂತೆಯಿಂದ ಒಂದು ಟ್ರಂಕು ತಂದು ಅಟ್ಟದ ಮೇಲೆ ಇಟ್ಟಿದ್ದಾರೆ. ಏನಕ್ಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ದಿನಕ್ಕೊಂದು ಸಲ ಅಟ್ಟ ಹತ್ತಿ ಅದರ ಮುಚ್ಚಳ ತೆಗೆದು ನೋಡಿ ಬರುತ್ತೇನೆ, ನಗಬೇಡ.

ನಿಮ್ಮ ತಾಲ್ಲೂಕಿನಿಂದ ಯಾರು ಬರುತ್ತಾರೋ ಗೊತ್ತೇ? ನೀನು ಹೇಗಾದರೂ ಮಾಡಿ ಹೊಸಕೋಟೆಗೆ ಬಾ. ನಮ್ಮ ಕಡೆ ಕೂತು ಕೂಗು. ನಿನ್ನ ಗಂಟಲು ಕೇಳಿದರೆ ನನ್ನ ಕಾಲಿಗೆ ರೆಕ್ಕೆ ಬರುತ್ತದೆ. ಬರುತ್ತೀಯೋ ಇಲ್ಲವೋ ಒಂದು ಕಾರ್ಡು ಹಾಕು, ನಿನ್ನ ಪಾಲಿನ ಚಿತ್ರಾನ್ನ ಕಟ್ಟಿಸಿ ತರುತ್ತೇನೆ.

ನಿನ್ನ
ಅಕ್ಕಿ


ಹುಣಸೇಪಾಳ್ಯ
16-11-1988

ಬನಶಂಕರಿ,

ಕಾರ್ಡು ಬರಲಿಲ್ಲ. ನೀನೇ ಬಂದೆ.

ಹೊಸಕೋಟೆಯ ಫೈನಲಿಗೆ ಸಾಲಾಗಿ ನಿಂತು ಕೈ ಕುಲುಕುವಾಗ ನಿನ್ನನ್ನು ಆ ನೀಲಿ ಬನಿಯನಿನಲ್ಲಿ ನೋಡಿ ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ನನ್ನನ್ನು ಬೆರಗು ಮಾಡಲು ಗುಟ್ಟಾಗಿ ಇಟ್ಟಿದ್ದಾಳೆ ಕಳ್ಳಿ ಅಂದುಕೊಂಡೆ. ನೀನು ನೆಲ ನೋಡಿಕೊಂಡು ಕೈ ಕೊಟ್ಟೆ. ಬೆರಳ ತುದಿ ಮಾತ್ರ ಕೊಟ್ಟೆ.

ಅಂಜಿನಮ್ಮ ನನ್ನ ಲಂಗ ಜಗ್ಗಿ, "ಅಕ್ಕಾ, ಪದ ಬ್ಯಾಡ, ಅವ್ಳಿಗೆ ಎಲ್ಲಾ ಗೊತ್ತು" ಅಂದಳು. "ಸುಮ್ನಿರೇ, ಅವ್ಳು ನಮ್ ಬನ" ಅಂದೆ. ಆ ಚಿಕ್ಕ ಹುಡುಗಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಕೋಣನ ಮುಂದೆ ಕಿನ್ನರಿ ಅಂತ ಅವಳನ್ನು ಆಡಿಕೊಂಡಿದ್ದೆನಲ್ಲ, ಕೋಣ ನಾನು.

ಕೊನೇ ಸರದಿ ಬೆನ್ನಟ್ಟುವುದು ನಮ್ಮದು. ಇನ್ನು ಒಬ್ಬರನ್ನು ಹಿಡಿದರೆ ಸರಿಸಮ, ಇಬ್ಬರನ್ನು ಹಿಡಿದರೆ ಗೆಲುವು. ನಿಮ್ಮ ಕಡೆಯ ಒಬ್ಬಳು ಬಂದ ಕೂಡಲೆ ಔಟಾದಳು. ಸರಿಸಮ ಆಯಿತು. ಆಮೇಲೆ ನೀನು. ನಾನು ಸೊಪ್ಪು ಅನ್ನುವುದರೊಳಗೆ ನೀನು ಆ ಕಡೆಗೆ ಹೊರಳಿರುತ್ತಿದ್ದೆ. ಜ್ವರ ಅಂದರೆ ನಿಂತೇ ಬಿಡುತ್ತಿದ್ದೆ. ನಮ್ಮವಳು ಖೋ ಕೊಡುವ ಹಾಗೆ ಬಗ್ಗಿದರೂ ನೀನು ಬೆಚ್ಚಲಿಲ್ಲ. ನಿಂತು ಉಸಿರು ತೆಗೆದುಕೊಂಡೆ ಕಣೇ, ಸಂತೆಯಲ್ಲಿ ಬಸ್ಸಿಗೆ ಕಾದವಳ ಹಾಗೆ! ಕಂಬದ ಹತ್ತಿರ ಹಣ್ಣು ಅಂತ ನಾನು ಗಂಟಲು ಹರಿದುಕೊಂಡಾಗ ನೀನು ಆಗಲೇ ಚೌಕಗಳ ನಡುವೆ ನುಗ್ಗಿ ಆಗಿತ್ತು. ನಿನ್ನ ಹಿಂದೆ ಹೋದ ಅಂಜಿನಮ್ಮ ಸಾಲಿನ ಗೆರೆ ತುಳಿದು ಫೌಲ್ ಆದಳು. ಸೀಟಿ ಊದುವ ತನಕ ನಿನ್ನನ್ನು ಯಾರೂ ಮುಟ್ಟಲಿಲ್ಲ. ಮತ್ತೆ ಆಡಿಸಿದ ಸರದಿಯಲ್ಲೂ ಅದೇ ಕಥೆ, ಒಂದು ಪಾಯಿಂಟಿನಲ್ಲಿ ಸೋತೆವು.

ಥೂ ನಿನ್ನ. ಉಂಡ ಮನೆಗೆ ಎರಡು ಬಗೆದವಳೇ, ನನ್ನ ಅವ್ವನ ಕೈಯ ಅನ್ನ ನಿನ್ನ ಹೊಟ್ಟೆಯಲ್ಲಿ ಹೇಗೆ ಅರಗಿತು? ಮೆಟ್ಟಿಲು ಜಾರಿದೆ ಅಂದೆಯಲ್ಲ, ಬಾಯಿಗೆ ಹುಳ ಬೀಳ! ಅರಿಸಿನ ಹಚ್ಚು ಅಂತ ನಾನು ಬರೆಯುತ್ತೇನೆ, ನೀನು ಅದನ್ನು ಹಚ್ಚಿಕೊಂಡು ಮಾರನೆಯ ದಿನ ನಮ್ಮನ್ನು ಸೋಲಿಸಲು ಮತ್ತೆ ಕಂಬಕ್ಕೆ ಹಾರುತ್ತೀಯ. ಪದಗಳು ಅವೇ ಇವೆಯೇ ಅಂತ ಕೇಳಿದೆಯಲ್ಲ, ಸುಮ್ಮನೆ ಕೇಳಿದೆ ಅಂತ! ನಾಯಿಗಾದರೂ ಇದಕ್ಕಿಂತ ನಿಯತ್ತು ಇರುತ್ತದೆ ಕಣೇ.

ಹಾಸ್ಟೆಲಿನವರು ಆರಿಸಿದ್ದು ನಿನ್ನನ್ನೇ ಅಂತ ಅಲ್ಲೇ ತಿಳಿಯಿತು. ಸೀಟು ಹೋದದ್ದಕ್ಕೆ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಕೆಟ್ಟದ್ದು ಈಗ ನಡೆಯುತ್ತಿದೆ. ಟೀಮಿನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನೀನು ಆ ಟೀಮಿನಲ್ಲಿ ಇರುವುದು ನನಗೆ ಮೊದಲೇ ಗೊತ್ತಿತ್ತಂತೆ, ಗೊತ್ತಿದ್ದೇ ಪದ ಬದಲಾಯಿಸಲು ಬಿಡಲಿಲ್ಲವಂತೆ. ಗೆಳತಿಗೋಸ್ಕರ ಶಾಲೆಯನ್ನು ಮಾರಿದೆ ಅಂತ ಅಂಜಿನಮ್ಮನ ಅಣ್ಣ ನಲ್ಲಿಯ ಹತ್ತಿರ ಎಲ್ಲರ ಎದುರಿಗೆ ಅಂದ. ಮೇಷ್ಟ್ರು ನನ್ನನ್ನು ನೋಡುವುದೂ ಇಲ್ಲ. ಇದನ್ನು ನಾನು ಹೇಗೆ ಹೊರಲಿ?

ನಿನ್ನಿಂದ ನನಗೆ ಒಂದೇ ಒಂದು ಬೇಕು. ಆದಿನಾರಾಯಣಪ್ಪ ಮೇಷ್ಟ್ರಿಗೆ ಒಂದು ಕಾಗದ ಬರೆ. ನೀನು ಆಡುತ್ತಿದ್ದದ್ದು ಅಕ್ಕಯಮ್ಮನಿಗೆ ಗೊತ್ತಿರಲಿಲ್ಲ, ನಾನು ಮುಚ್ಚಿಟ್ಟಿದ್ದೆ ಅಂತ ಬರೆ. ಅಷ್ಟು ಮಾಡು. ಮಿಕ್ಕ ಜಗಳವನ್ನು ನಾವಿಬ್ಬರೂ ಮುಖಾಮುಖಿ ಆಡೋಣ.

ಅಕ್ಕಿ


ದೊಡ್ಡಬಳ್ಳಾಪುರ
9-12-1988

ಅಕ್ಕಿ,

ನಿನ್ನ ಕಾಗದ ಓದಿ ಬಹಳ ಹೊತ್ತು ಅತ್ತೆ. ನೀನು ಬೈದದ್ದಕ್ಕಲ್ಲ. ನೀನು ಬೈದರೆ ನನಗೆ ಯಾವತ್ತೂ ನೋವಾಗಿಲ್ಲ.

ಆಗಸ್ಟ್ ಹದಿನೈದರ ಓಟದಲ್ಲಿ ನಾನು ಮೊದಲು ಬಂದೆ. ಪೀಟಿ ಮೇಡಂ ನೋಡಿ ಟೀಮಿಗೆ ಎಳೆದುಕೊಂಡರು. ಹಳ್ಳಿಗುಗ್ಗು ಅಂದವರು ಅವತ್ತಿನಿಂದ ಬನಶಂಕರಿ ಅಂತ ಕರೆದರು. ನಿನಗೆ ಬರೆಯಬೇಕು ಅಂತ ಪ್ರತಿ ಸಲ ಕೂತೆ, ಪ್ರತಿ ಸಲ ಏನೋ ಅಡ್ಡ ಬಂತು.

ಒಂದು ಮಾತು ಆಣೆ ಮಾಡಿ ಹೇಳುತ್ತೇನೆ. ನಾನು ಪದಗಳನ್ನು ಯಾರಿಗೂ ಹೇಳಿಕೊಡಲಿಲ್ಲ. ನಮ್ಮ ಟೀಮಿನ ಒಬ್ಬಳಿಗೂ ಗೊತ್ತಿಲ್ಲ. ಬೇಕಾದರೆ ನೆನಪು ಮಾಡಿಕೋ, ನನ್ನ ಜೊತೆ ಓಡಿದವಳು ನಿಮ್ಮ ಬಲೆಗೆ ತಕ್ಷಣ ಬಿದ್ದಳು. ಆದರೆ ನನ್ನ ಕಿವಿಗೆ ಬಿದ್ದದ್ದನ್ನು ನಾನು ಏನು ಮಾಡಲಿ? ಕಿವಿಗೆ ಹತ್ತಿ ಇಟ್ಟುಕೊಂಡು ಓಡಲೇ? ನೀನು ಸೊಪ್ಪು ಅಂದರೆ ನನ್ನ ಕಾಲು ತಾನಾಗಿ ಹೊರಳುತ್ತದೆ, ಆ ಪದವನ್ನು ಕಟ್ಟಿದವಳು ನಾನಲ್ಲವೇ? ಅದೂ ಅಲ್ಲದೆ ನಾನು ಎದುರಿಗೇ ನಿಂತಿದ್ದೆ. ನೀನು ನೋಡಿದೆ. ನೋಡಿಯೂ ಅವೇ ಪದಗಳನ್ನು ಕೂಗಿದೆಯಲ್ಲ, ಅದು ನನ್ನ ತಪ್ಪೇ?

ನಿನಗೆ ಸೀಟು ಬೇಕಿತ್ತು, ನನಗೆ ಬೇಡವಾಗಿತ್ತೇ? ಮಾರ್ಚಿ ಕಳೆದರೆ ನಾನು ಮಗ್ಗದ ಮುಂದೆ ನಿಲ್ಲಬೇಕಾಗಿತ್ತು. ಹಾಸ್ಟೆಲಿನ ಕಾಗದ ಬಂದ ದಿನ ದೊಡ್ಡಪ್ಪ ಮೊದಲ ಸಲ ನನ್ನನ್ನು "ಕೂತ್ಕೋಮ್ಮ" ಅಂದರು.

ಮೇಷ್ಟ್ರಿಗೆ ಖಂಡಿತ ಬರೆಯುತ್ತೇನೆ. ನಿಮ್ಮ ಮೇಷ್ಟ್ರು ಆಯ್ಕೆಯ ಮೇಲೆ ದೂರು ಕೊಡುತ್ತಾರೆ ಅಂತ ಇಲ್ಲಿ ಸುದ್ದಿ ಇದೆ. ದೂರು ಹೋದರೆ ಸೀಟು ತಡೆಹಿಡಿಯುತ್ತಾರಂತೆ. ಆದ್ದರಿಂದ ಏನು ಬರೆಯಬೇಕು ಅಂತ ನಮ್ಮ ಮೇಡಂನ ಕೇಳಿ, ಸರಿಯಾಗಿ ಬರೆದು ಹಾಕುತ್ತೇನೆ. ನೀನು ಯೋಚನೆ ಮಾಡಬೇಡ.

ನಿನ್ನ
ಬನ


ಹುಣಸೇಪಾಳ್ಯ
12-1-1989

ಬನಶಂಕರಿ,

ನಿನ್ನ ಕಾಗದ ಮೇಷ್ಟ್ರಿಗೆ ಮುಟ್ಟಿತು. ಅವರು ಅದನ್ನು ಹೆಡ್‌ಮಾಸ್ಟರಿಗೆ ಕೊಟ್ಟರು. ಹೆಡ್‌ಮಾಸ್ಟರು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಕ್ಲಾಸುಗಳ ಮುಂದೆ ಓದಿದರು. ಒಳಗೇನಿದೆ ಅಂತ ನೋಡದೆ, ಎಲ್ಲರ ಮುಂದೆ ಓದಿಸಿ ಅಂತ ನಾನೇ ಕೇಳಿಕೊಂಡಿದ್ದೆ. ಮೇಷ್ಟ್ರು ಮೊದಲು ಬೇಡ ಅಂದರು, ನಾನೇ ಹಟ ಮಾಡಿದೆ. ನನ್ನ ಹೆಸರು ತೊಳೆಯುತ್ತದೆ ಅಂತ ಮುಂದಿನ ಸಾಲಿನಲ್ಲಿ ನಿಂತಿದ್ದೆ.

"ನಾನು ಯಾವ ಗುಟ್ಟನ್ನೂ ಕದ್ದಿಲ್ಲ. ಪದಗಳನ್ನು ಬದಲಾಯಿಸಿಲ್ಲ ಎಂದು ತಂಡದ ನಾಯಕಿ ಅಕ್ಕಯಮ್ಮನೇ ಪಂದ್ಯಕ್ಕೆ ಮುಂಚೆ ನನಗೆ ಪತ್ರದ ಮೂಲಕ ತಿಳಿಸಿದ್ದಳು. ಆದ್ದರಿಂದ ಇದರಲ್ಲಿ ನನ್ನ ತಪ್ಪಿಲ್ಲವೆಂದು ತಿಳಿಸಬಯಸುತ್ತೇನೆ." ಇಷ್ಟೇ ಇತ್ತು. ಕೆಳಗೆ ನಿನ್ನ ಸಹಿ.

ಒಂದು ಅಕ್ಷರವೂ ಸುಳ್ಳಲ್ಲ. ಹೌದು, ನಾನೇ ಬರೆದಿದ್ದೆ. ಯಾರಿಗೆ ಅಂತ ಬರೆದಿದ್ದೆ? ಮೈದಾನಕ್ಕೆ ಹೋಗದೆ ಮರದ ಕೆಳಗೆ ಒಬ್ಬಳೇ ಕೂತವಳಿಗೆ. ಆ ಹುಡುಗಿ ಆಗಸ್ಟಿನಲ್ಲೇ ಇಲ್ಲವಾಗಿದ್ದಳು ಅಂತ ನೀನು ಒಂದು ಸಾಲು ಸೇರಿಸಬಹುದಿತ್ತು. ನಾನು ಕೇಳಿದ್ದು ಅದೊಂದು ಸಾಲನ್ನೇ. ಅದನ್ನು ಬಿಟ್ಟು ಮಿಕ್ಕಿದ್ದನ್ನು ಬರೆದೆ.

ಕಾಗದ ಓದಿ ಮುಗಿಸಿದಾಗ ಎಂಟನೇ ಕ್ಲಾಸಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಆಮೇಲೆ ನನ್ನನ್ನು ಆಫೀಸಿನ ಹಿಂದೆ ಕರೆದು, "ದೂರು ಕೊಡಾಕೋಗಿದ್ದೆ ಕಣಮ್ಮ. ಈಗ ಏನಂತ ಕೊಡ್ಲಿ? ಹೇಳ್ದೋಳು ನಮ್ಮೋಳೇ ಅಂತ ಬರ್ದವ್ಳೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅವರೂ ನಂಬಿದ್ದಾರೆ ಅಂತ ಆಗ ಗೊತ್ತಾಯಿತು. ಅಂಜಿನಮ್ಮ ಈಗ ಕ್ಯಾಪ್ಟನ್.

ಪ್ರತಿ ಸಲ ಬರೆಯಲು ಕೂತೆ, ಏನೋ ಅಡ್ಡ ಬಂತು ಅಂದೆ. ಏನು ಅಡ್ಡ ಬಂತು ಅಂತ ನಾನು ಹೇಳುತ್ತೇನೆ. ನೀನು ಆಡುವುದು ತಿಳಿದರೆ ನಾವು ಪದ ಬದಲಾಯಿಸುತ್ತಿದ್ದೆವು. ಇನ್ನೇನೂ ಅಡ್ಡ ಬರಲಿಲ್ಲ. ನಿನ್ನನ್ನು ನೋಡಿಯೂ ಯಾಕೆ ಕೂಗಿದೆ ಅಂತ ಕೇಳಿದ್ದೀಯ. ಬೇರೆ ಯಾರೇ ಎದುರಿಗೆ ನಿಂತಿದ್ದರೂ ಕೂಗುತ್ತಿರಲಿಲ್ಲ. ನೀನು ಅಂತಲೇ ಕೂಗಿದೆ.

ಅಪ್ಪ ಟ್ರಂಕಿಗೆ ಭತ್ತದ ಬೀಜ ತುಂಬಿಸಿದರು. ನಾನು ಪರೀಕ್ಷೆಗೆ ಓದಬೇಕು. ಇನ್ನು ಬರೆಯುವುದಿಲ್ಲ.

ಅಕ್ಕಯಮ್ಮ


ಬೆಂಗಳೂರು
20-8-1989

ಪ್ರೀತಿಯ ಅಕ್ಕಿಗೆ,

ಹಾಸ್ಟೆಲಿಗೆ ಬಂದು ಎರಡು ತಿಂಗಳಾಯಿತು. ಬೆಳಿಗ್ಗೆ ಮೊಟ್ಟೆ, ಹಾಲು ಕೊಡುತ್ತಾರೆ. ಬೂಟು ಹಾಕಿಕೊಂಡು ಓಡುವುದು ಮೊದಲು ಕಷ್ಟವಾಯಿತು, ಬೆರಳೆಲ್ಲ ಗುಳ್ಳೆ ಎದ್ದವು. ಮಂಗಳೂರು, ಧಾರವಾಡ, ಎಲ್ಲ ಕಡೆಯ ಹುಡುಗಿಯರೂ ಇದ್ದಾರೆ. ನಾನು ಮಾತಾಡಿದರೆ ಇಲ್ಲೂ ನಗುತ್ತಾರೆ, ಆದರೆ ನನಗೆ ಈಗ ಅಭ್ಯಾಸವಾಗಿದೆ.

ನೀನು ಎಸ್.ಎಸ್.ಎಲ್.ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದೆ ಅಂತ ಕೇಳಿದೆ. ಕಾಲೇಜಿಗೆ ಸೇರಿದೆಯಾ? ನಿಮ್ಮಪ್ಪ ಒಪ್ಪಿಯೇ ಇರುತ್ತಾರೆ. ನೀನು ಬುದ್ಧಿವಂತೆ, ಆಟ ಇಲ್ಲದಿದ್ದರೂ ಮುಂದೆ ಬರುತ್ತೀಯ. ದೇವರು ಏನು ಮಾಡಿದರೂ ಒಳ್ಳೆಯದಕ್ಕೇ ಅಂತ ನಮ್ಮ ವಾರ್ಡನ್ ಹೇಳುತ್ತಿರುತ್ತಾರೆ.

ಆ ಕಾಗದದ ಬಗ್ಗೆ ನಿನಗೆ ಬೇಜಾರಿದೆ ಅಂತ ಗೊತ್ತು. ಮೇಡಂ ಹೇಳಿಕೊಟ್ಟ ಹಾಗೆ ಬರೆದೆ. ಆಗ ನನಗೆ ಹದಿನೈದು ವರ್ಷ. ಈಗ ಅದನ್ನೆಲ್ಲ ಮರೆತುಬಿಡೋಣ. ಉತ್ತರ ಬರೆ.

ನಿನ್ನ
ಬನ


ಬೆಂಗಳೂರು
6-1-1991

ಅಕ್ಕಿ,

ಇದು ಎಷ್ಟನೆಯ ಕಾಗದವೋ. ದೀಪಾವಳಿಗೆ ಬರೆದೆ, ಯುಗಾದಿಗೆ ಬರೆದೆ, ರಾಜ್ಯ ತಂಡಕ್ಕೆ ಆಯ್ಕೆಯಾದಾಗ ಮೊದಲು ನಿನಗೇ ಬರೆದೆ. ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿ ಇಟ್ಟು ಕಳಿಸಿದ್ದೆ. ಒಂದಕ್ಕೂ ಉತ್ತರವಿಲ್ಲ.

ನಮ್ಮ ಹಳೆಯ ಶಾಲೆಯಿಂದ ಹೊಸ ಹೆಡ್‌ಮಾಸ್ಟರು ಬರೆದಿದ್ದಾರೆ. ಇಪ್ಪತ್ತಾರನೇ ತಾರೀಖು ಮಕ್ಕಳಿಗೆ ಆಟದ ಬಹುಮಾನ ಹಂಚಲು ನನ್ನನ್ನು ಕರೆದಿದ್ದಾರೆ. ಅವರಿಗೆ ಹಳೆಯದೇನೂ ಗೊತ್ತಿಲ್ಲ. ನಮ್ಮ ಶಾಲೆಯ ಹೆಮ್ಮೆ ಅಂತ ಬರೆದಿದ್ದಾರೆ. ಓದಿ ಕಾಗದವನ್ನು ಮಡಿಸಿ ಹಾಸಿಗೆಯ ಕೆಳಗೆ ತಳ್ಳಿದೆ.

ಇಲ್ಲಿ ಆಡುವಾಗ ಹಿಂದಿನಿಂದ ಯಾರು ಕೂಗಿದರೂ ನಿನ್ನ ಗಂಟಲೇ ಕೇಳುತ್ತದೆ. ಇಷ್ಟು ಹುಡುಗಿಯರ ಮಧ್ಯೆ ಇದ್ದೇನೆ, ನೀನು ಬೈದ ಹಾಗೆ ಒಬ್ಬಳೂ ಬೈಯುವುದಿಲ್ಲ. ನಯವಾಗಿ ಮಾತಾಡುತ್ತಾರೆ, ನಯವಾಗಿ ದೂರ ಇರುತ್ತಾರೆ. ಆ ನವೆಂಬರಿನ ಕಾಗದದಲ್ಲಿ ನನ್ನನ್ನು ನಾಯಿಗಿಂತ ಕಡೆ ಅಂದೆಯಲ್ಲ, ಅದನ್ನು ತೆಗೆದು ತೆಗೆದು ಓದುತ್ತೇನೆ ಅಂದರೆ ನಂಬುತ್ತೀಯಾ? ಅದರ ಕೊನೆಯಲ್ಲಿ ಮುಖಾಮುಖಿ ಜಗಳ ಆಡೋಣ ಅಂತ ಬರೆದಿದ್ದೆ.

ನಾನು ಬರುತ್ತೇನೆ. ನೀನು ಮೈದಾನದಲ್ಲಿ ಇರುತ್ತೇನೆ ಅಂತ ಒಂದು ಸಾಲು ಹಾಕಿದರೆ ಮಾತ್ರ ಬರುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ, ಅದಕ್ಕೆ ನನಗೆ ಮುಖವಿಲ್ಲ. ಒಂದು ಸಲ ಬೈದುಬಿಡೇ ಅಕ್ಕಿ. ಬಾಯಿಗೆ ಬಂದದ್ದೆಲ್ಲ ಬೈ. ನಿನ್ನ ಕಾಲಿಗೆ ಬೀಳುತ್ತೇನೆ, ಬೈ.

ನಿನ್ನ
ಬನ


ಹುಣಸೇಪಾಳ್ಯ
18-1-1991

ಕುಮಾರಿ ಬನಶಂಕರಿಯವರಿಗೆ,

ನಮಸ್ಕಾರಗಳು. ತಾವು 6ನೇ ತಾರೀಖು ಬರೆದ ಕಾಗದ ತಲುಪಿತು. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನಾವು ಒಂದೇ ತರಗತಿಯಲ್ಲಿದ್ದೆವೆಂದು ಕೇಳಿ ತಮಗೆ ದಾರಿ ತಿಳಿಸುವಂತೆ ನನಗೆ ಹೇಳಿರುವುದರಿಂದ ಈ ಉತ್ತರ ಬರೆಯುತ್ತಿದ್ದೇನೆ. ಆದಿನಾರಾಯಣಪ್ಪ ಮೇಷ್ಟ್ರಿಗೆ ನೆಲಮಂಗಲದ ಕಡೆ ವರ್ಗವಾಗಿದೆ, ಅವರು ಸಮಾರಂಭಕ್ಕೆ ಬರುವುದಿಲ್ಲ.

ಬೆಂಗಳೂರಿನಿಂದ ಬೆಳಗಿನ ಸರ್ಕಾರಿ ಬಸ್ಸಿನಲ್ಲಿ ಹೊರಟರೆ ದೇವನಹಳ್ಳಿಯ ಮೇಲೆ ವಿಜಯಪುರಕ್ಕೆ ಬರಬಹುದು. ಅಲ್ಲಿಂದ ನಮ್ಮ ಊರಿಗೆ ಬೇರೆ ಬಸ್ಸು ಇದೆ. ಅದು ತಪ್ಪಿದರೆ ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಗಾಡಿಗಳು ಸಿಗುತ್ತವೆ. ಕೆರೆ ಏರಿ ದಾಟಿದ ಮೇಲೆ ರಸ್ತೆ ಎರಡಾಗುತ್ತದೆ, ಎಡಗಡೆಯ ರಸ್ತೆ ಹಿಡಿಯಬೇಕು. ಹಂಚಿನ ಕಟ್ಟಡವೇ ಪ್ರೌಢಶಾಲೆ. ಗುರುತು ಸಿಗದಿದ್ದರೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮಕ್ಕಳು ತಮ್ಮನ್ನು ನೋಡಲು ಬಹಳ ಆಸೆಯಿಂದ ಇದ್ದಾರೆ, ದಯವಿಟ್ಟು ತಪ್ಪಿಸಬೇಡಿ.

ನಾನು ಕಾಲೇಜಿಗೆ ಸೇರಿದೆನೇ ಎಂದು ಹಿಂದೆ ಕೇಳಿದ್ದಿರಿ. ಸೇರಲಿಲ್ಲ. ವಿಜಯಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೇನೆ. ಇಪ್ಪತ್ತಾರರಂದು ರಜೆ ಇದೆ. ಆದರೆ ಮೈದಾನಕ್ಕೆ ಬರುವುದಿಲ್ಲ.

ತಮ್ಮನ್ನು ಬೈಯಬೇಕು ಎಂದು ಬರೆದಿದ್ದೀರಿ. ನಾನು ಬಹಳ ದಿನ ಅಂಥ ಕಾಗದವನ್ನು ಬರೆಯಲು ನೋಡಿದೆ, ಒಂದು ಬೈಗುಳವೂ ಬರಲಿಲ್ಲ. ಪರಿಚಯವಿಲ್ಲದವರನ್ನು ಬೈಯುವ ರೂಢಿ ನಮ್ಮ ಕಡೆ ಇಲ್ಲ.

ಇಂತಿ,
ಪಿ. ಅಕ್ಕಯಮ್ಮ